ಮರುಬಳಕೆಯ ಡಾಂಬರು ರಸ್ತೆ: ಇಂದಿನ ಉಳಿತಾಯ, ನಾಳಿನ ವೆಚ್ಚ

ಯಂತ್ರವೊಂದನ್ನು ಕೊಳ್ಳುವ ಸಣ್ಣ ಕೈಗಾರಿಕೋದ್ಯಮಿ ಅದರ ಖರೀದಿ ಬೆಲೆಯನ್ನಷ್ಟೇ ನೋಡುವುದಿಲ್ಲ. ಅದು ಎಷ್ಟು ವರ್ಷ ಬಾಳುತ್ತದೆ, ದುರಸ್ತಿಗೆ ಎಷ್ಟು ಬೇಕು, ಕೆಟ್ಟು ನಿಂತ ದಿನಗಳ ನಷ್ಟವೆಷ್ಟು ಎಂಬುದನ್ನೂ ಲೆಕ್ಕ ಹಾಕುತ್ತಾನೆ. ಆದರೆ ಅದೇ ಉದ್ಯಮಿಯ ಸರಕು ದಿನನಿತ್ಯ ಸಾಗುವ ರಸ್ತೆಯ ವಿಷಯದಲ್ಲಿ ಮಾತ್ರ ಚರ್ಚೆಯು ಬಹುಮಟ್ಟಿಗೆ ಟೆಂಡರ್ ಮೊತ್ತದಲ್ಲಿಯೇ ಮುಗಿದುಹೋಗುತ್ತದೆ. ಹಳೆಯ ರಸ್ತೆಯನ್ನು ಕೆರೆದು ತೆಗೆದ ಮಿಶ್ರಣವನ್ನು ಮತ್ತೆ ಬಳಸಿ ರಸ್ತೆ ನಿರ್ಮಿಸುವ ಪದ್ಧತಿಯು ದೇಶದಲ್ಲಿ ಹರಡುತ್ತಿರುವ ಈ ಸಂದರ್ಭದಲ್ಲಿ, ಅದರ ನಿಜವಾದ ವೆಚ್ಚವೆಷ್ಟು, ಆ ವೆಚ್ಚವನ್ನು ಭರಿಸುವವರು ಯಾರು ಎಂಬುದನ್ನು ವರ್ತಕ ಸಮುದಾಯವು ಅರಿತಿರುವುದು ಅವಶ್ಯ.

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ, ಈ ನಾಲ್ಕೂ ನಗರಸಭೆಯ ಊರುಗಳು. ಹಿಂದೆ 234 ಎಂಬ ಸಂಖ್ಯೆಯಿದ್ದು ಈಗ 69 ಆಗಿರುವ ರಾಷ್ಟ್ರೀಯ ಹೆದ್ದಾರಿಯು ಇವುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಹೈದರಾಬಾದ್ ಕಡೆಗಿನ 44ನೆಯ ಹೆದ್ದಾರಿ ಚಿಕ್ಕಬಳ್ಳಾಪುರವನ್ನು ಹಾದುಹೋಗುತ್ತದೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಬರುವ ರೇಷ್ಮೆಗೂಡು, ಚಿಂತಾಮಣಿಯ ಟೊಮೆಟೊ, ಚಿಕ್ಕಬಳ್ಳಾಪುರದ ಹೂವು ಮತ್ತು ದ್ರಾಕ್ಷಿ, ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಉತ್ಪನ್ನಗಳು, ಎಲ್ಲವೂ ರಸ್ತೆಯನ್ನೇ ನಂಬಿವೆ. ಇವುಗಳಲ್ಲಿ ಹೆಚ್ಚಿನವು ಗಂಟೆಗಳ ಲೆಕ್ಕದಲ್ಲಿ ಬೆಲೆ ಕಳೆದುಕೊಳ್ಳುವ ಸರಕುಗಳು ಎಂಬುದು ಗಮನಾರ್ಹ.

ಮರುಬಳಕೆ ಎಂದರೇನು?

ಡಾಂಬರು ರಸ್ತೆಯ ಮೇಲ್ಪದರದಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 95 ಭಾಗ ಜಲ್ಲಿ ಮತ್ತು ಕಲ್ಲಿನ ಪುಡಿ, ಸುಮಾರು 5 ಭಾಗ ಡಾಂಬರು ಇರುತ್ತದೆ. ರಸ್ತೆ ಹಳೆಯದಾದಾಗ ಮಿಲ್ಲಿಂಗ್ ಯಂತ್ರದಿಂದ ಈ ಪದರವನ್ನು ಕೆರೆದು ತೆಗೆದು, ಗಾತ್ರಕ್ಕನುಗುಣವಾಗಿ ಬೇರ್ಪಡಿಸಿ, ಹೊಸ ಜಲ್ಲಿ ಮತ್ತು ಹೊಸ ಡಾಂಬರಿನೊಂದಿಗೆ ಬೆರೆಸಿ ಮತ್ತೆ ಹಾಸುವುದೇ ಮರುಬಳಕೆ. ಇದನ್ನು ಸ್ಥಾವರದಲ್ಲಿ ಬಿಸಿ ಮಾಡಿ ಮಾಡಬಹುದು; ಇಲ್ಲವೇ ಡಾಂಬರಿನ ಎಮಲ್ಷನ್ ಅಥವಾ ನೊರೆ ಡಾಂಬರು ಬೆರೆಸಿ, ಬಿಸಿ ಮಾಡದೆಯೇ ಕೆಳಪದರವಾಗಿ ಬಳಸಬಹುದು.

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಈ ಪದ್ಧತಿಗೆ ವೇಗ ದೊರೆಯಿತು. ಇಂದು ಅಲ್ಲಿನ ಹೊಸ ಮಿಶ್ರಣಗಳಲ್ಲಿ ಸರಾಸರಿ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹಳೆಯ ಮಿಶ್ರಣವಿರುತ್ತದೆ. ಜಪಾನಿನಲ್ಲಿ ಈ ಪ್ರಮಾಣ ಅರ್ಧದಷ್ಟಿದೆ. ಭಾರತದಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2015ರಲ್ಲಿ ಐಆರ್‌ಸಿ:120 ಎಂಬ ಪ್ರತ್ಯೇಕ ಮಾರ್ಗದರ್ಶಿಯನ್ನು ಹೊರತಂದಿತು. ರಸ್ತೆ ವಿನ್ಯಾಸದ ಮೂಲ ಕೈಪಿಡಿಯಾದ ಐಆರ್‌ಸಿ:37ರ 2018ರ ಆವೃತ್ತಿಯಲ್ಲಿಯೂ ಹಳೆಯ ಮಿಶ್ರಣದ ಕೆಳಪದರಗಳಿಗೆ ಅವಕಾಶವಿದೆ. ಪ್ಲಾಸ್ಟಿಕ್ ತ್ಯಾಜ್ಯವನ್ನು ಡಾಂಬರಿಗೆ ಬೆರೆಸುವುದು ಬೇರೆಯೇ ವಿಧಾನ. ಎರಡನ್ನೂ ಒಂದೆಂದು ಭಾವಿಸಬಾರದು.

ಉಳಿತಾಯ ಎಲ್ಲಿಂದ ಬರುತ್ತದೆ?

ಏಳು ಮೀಟರ್ ಅಗಲದ ರಸ್ತೆಯ ಒಂದು ಕಿಲೋಮೀಟರ್ ಉದ್ದವನ್ನು 40 ಮಿಲಿಮೀಟರ್ ಆಳಕ್ಕೆ ಕೆರೆದರೆ 280 ಘನ ಮೀಟರ್ ಮಿಶ್ರಣ ಹೊರಬರುತ್ತದೆ. ಘನ ಮೀಟರಿಗೆ 2.3 ಟನ್ನಿನಂತೆ ಇದರ ತೂಕ ಸುಮಾರು 644 ಟನ್. ಇದರಲ್ಲಿ ಸುಮಾರು 32 ಟನ್ ಡಾಂಬರು, 612 ಟನ್ ಜಲ್ಲಿ. ಡಾಂಬರಿನ ಬೆಲೆ ಟನ್ನಿಗೆ 50,000 ರೂಪಾಯಿ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡರೂ, ಒಂದು ಕಿಲೋಮೀಟರ್ ರಸ್ತೆಯ ಮೈಮೇಲೆ 16 ಲಕ್ಷ ರೂಪಾಯಿಯ ಡಾಂಬರು ಇದೆಯೆಂದಾಯಿತು. ಹಳೆಯ ಡಾಂಬರೆಲ್ಲವೂ ಹೊಸದರಂತೆ ಅಂಟುವುದಿಲ್ಲವಾದ್ದರಿಂದ ಪೂರ್ಣ ಮೌಲ್ಯ ಕೈಗೆ ಬಾರದು. ಆದರೂ ಇದು ಕಸವಲ್ಲ, ಆಸ್ತಿ.

ಡಾಂಬರಿನ ಬೆಲೆ ಕಚ್ಚಾತೈಲವನ್ನು ಅನುಸರಿಸಿ ಏರಿಳಿಯುತ್ತದೆ. ದೇಶದ ಬೇಡಿಕೆಯ ಒಂದು ಭಾಗವನ್ನು ಆಮದಿನಿಂದಲೇ ಪೂರೈಸಲಾಗುತ್ತದೆ. ಜಲ್ಲಿಯ ವಿಷಯವಂತೂ ಈ ಜಿಲ್ಲೆಯವರಿಗೆ ಹೊಸದಲ್ಲ. ಬೆಟ್ಟಗಳನ್ನು ಸಿಡಿಸಿ ಜಲ್ಲಿ ಮಾಡುವುದರ ಬೆಲೆ ಬರಿಯ ಹಣದ್ದಲ್ಲ ಎಂಬುದನ್ನು 2021ರ ಫೆಬ್ರವರಿಯಲ್ಲಿ ಹಿರೇನಾಗವೇಲಿಯ ಬಳಿ ಜಿಲೆಟಿನ್ ಸ್ಫೋಟದಲ್ಲಿ ಆರು ಜನ ಪ್ರಾಣ ಕಳೆದುಕೊಂಡ ಘಟನೆ ನೆನಪಿಸುತ್ತದೆ. ಮರುಬಳಕೆಯಾದ ಪ್ರತಿ ಟನ್ನೂ ಅಷ್ಟು ಹೊಸ ಕಲ್ಲನ್ನು ಉಳಿಸುತ್ತದೆ.

ಪೇಟೆ ಬೀದಿಯ ಅಂಗಡಿಕಾರರಿಗೆ ಇನ್ನೊಂದು ನೇರ ಲಾಭವಿದೆ. ಹಳೆಯ ಪದರವನ್ನು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಸುತ್ತಾ ಹೋದರೆ ರಸ್ತೆಯ ಮಟ್ಟ ಏರಿ, ಅಂಗಡಿಯ ಹೊಸ್ತಿಲು ತಗ್ಗಾಗಿ, ಮಳೆನೀರು ಮಳಿಗೆಯೊಳಕ್ಕೆ ನುಗ್ಗುತ್ತದೆ. ಕೆರೆದು ಹಾಸುವ ಪದ್ಧತಿಯಲ್ಲಿ ಮಟ್ಟವು ಇದ್ದಲ್ಲಿಯೇ ಇರುತ್ತದೆ. ಈ ಕಾರಣದಿಂದಲೇ ತಮಿಳುನಾಡು ಸರ್ಕಾರವು 2021ರಲ್ಲಿ ಹಳೆಯ ಪದರ ತೆಗೆಯದೆ ಹೊಸದನ್ನು ಹಾಸಬಾರದೆಂದು ಸೂಚನೆ ನೀಡಿತು.

ಹವಾಮಾನ ಬದಲಾದಾಗ

ಡಾಂಬರು ಗಾಳಿ, ಬಿಸಿಲುಗಳಿಗೆ ಒಡ್ಡಿಕೊಂಡಂತೆ ಆಮ್ಲಜನಕದೊಡನೆ ಕೂಡಿ ಗಡುಸಾಗುತ್ತದೆ. ಮರುಬಳಕೆಗೆ ಬರುವ ಡಾಂಬರು ಈಗಾಗಲೇ ಒಮ್ಮೆ ಮುಪ್ಪಾದದ್ದು. ಇದಕ್ಕೆ ಎರಡು ಮುಖಗಳಿವೆ. ಗಡುಸಾದ ಡಾಂಬರು ಬಿರುಬೇಸಿಗೆಯಲ್ಲಿ ಕರಗಿ ಚಕ್ರದ ಜಾಡಿನಲ್ಲಿ ಕುಸಿಯುವುದು ಕಡಿಮೆ; ಇದು ಅದರ ಗುಣ. ಆದರೆ ಬಾಗುವ ಶಕ್ತಿ ಕಳೆದುಕೊಂಡದ್ದರಿಂದ ಬೇಗ ಬಿರುಕು ಬಿಡುತ್ತದೆ. ಇದು ಅದರ ದೋಷ. ಹಳೆಯ ಮಿಶ್ರಣದ ಪ್ರಮಾಣ ಹೆಚ್ಚಿದಷ್ಟೂ ಮೃದುವಾದ ಹೊಸ ಡಾಂಬರನ್ನೋ, ಹಳೆಯದಕ್ಕೆ ಮರಳಿ ಜೀವ ಕೊಡುವ ರಾಸಾಯನಿಕವನ್ನೋ ಸೇರಿಸಿ ಈ ದೋಷವನ್ನು ಸರಿದೂಗಿಸಬೇಕಾಗುತ್ತದೆ.

ಇಲ್ಲಿಯೇ ಹವಾಮಾನದ ಪ್ರಶ್ನೆ ಏಳುತ್ತದೆ. ಭಾರತೀಯ ಮಾನಕ 73ರ 2013ರ ಆವೃತ್ತಿಯು ಡಾಂಬರಿನ ದರ್ಜೆಯನ್ನು ಬೇಸಿಗೆಯ ಏಳು ದಿನಗಳ ಸರಾಸರಿ ಗರಿಷ್ಠ ಉಷ್ಣತೆಗೆ ಜೋಡಿಸಿದೆ: 30ರಿಂದ 38 ಡಿಗ್ರಿಗೆ ವಿಜಿ-20, 38ರಿಂದ 45 ಡಿಗ್ರಿಗೆ ವಿಜಿ-30, ಅದಕ್ಕೂ ಮೇಲೆ ವಿಜಿ-40. ಬಯಲುಸೀಮೆಯ ಈ ಭಾಗವು ಸಾಧಾರಣ ವರ್ಷಗಳಲ್ಲಿ 38ರ ಗಡಿಯ ಕೆಳಗಿದ್ದರೂ ಬಿರುಬೇಸಿಗೆಯ ವರ್ಷಗಳಲ್ಲಿ ಅದನ್ನು ದಾಟಬಹುದಾದ ಪ್ರದೇಶ. ಹೀಗಿರುವಾಗ ಒಂದೆರಡು ಡಿಗ್ರಿಯ ಏರಿಕೆಯೂ ದರ್ಜೆಯ ಆಯ್ಕೆಯನ್ನೇ ಬದಲಿಸಬಲ್ಲದು. ಮೇಲಾಗಿ ಕಪ್ಪು ರಸ್ತೆಯ ಮೈ ಮಧ್ಯಾಹ್ನದ ಗಾಳಿಗಿಂತ 20 ಡಿಗ್ರಿಯಷ್ಟು ಹೆಚ್ಚು ಕಾಯುವುದುಂಟು. ಬಿಸಿ ಹೆಚ್ಚಿದಷ್ಟೂ ಡಾಂಬರು ಮುಪ್ಪಾಗುವ ವೇಗವೂ ಹೆಚ್ಚುತ್ತದೆ.

ಎರಡನೆಯದು ನೀರು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ತೇವಾಂಶ ಶೇಕಡಾ 7ರಷ್ಟು ಹೆಚ್ಚುತ್ತದೆ. ಮಳೆಯ ದಿನಗಳು ಹೆಚ್ಚದಿದ್ದರೂ ಸುರಿದಾಗ ಜೋರಾಗಿ ಸುರಿಯುವುದಕ್ಕೆ ಇದು ಕಾರಣ. ಬರದ ನಾಡೆಂದೇ ಹೆಸರಾದ ಜಿಲ್ಲೆಯಲ್ಲಿ ಇದರ ಅನುಭವ ಈಗಾಗಲೇ ಆಗಿದೆ. 2021ರ ಆಗಸ್ಟ್‌ನಲ್ಲಿ ನಂದಿಬೆಟ್ಟದ ದಾರಿಯೇ ಭೂಕುಸಿತದಿಂದ ಕಡಿದುಹೋಯಿತು. ಅದೇ ವರ್ಷದ ನವೆಂಬರ್ ಮಳೆಗೆ ಬಹುಕಾಲ ಬತ್ತಿದ್ದ ಕೆರೆಗಳು ಕೋಡಿ ಹರಿದವು. ಎರಡೇ ವರ್ಷಗಳ ನಂತರ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಒಂದು ವರ್ಷ ಒಣಗಿ ಬಿರುಕು ಬಿಡುವುದು, ಮತ್ತೊಂದು ವರ್ಷ ಆ ಬಿರುಕಿನಲ್ಲಿ ನೀರು ಕುಡಿಯುವುದು, ರಸ್ತೆಗೆ ಇದಕ್ಕಿಂತ ಕೆಟ್ಟ ಜೋಡಿ ಬೇರಿಲ್ಲ.

ಸ್ಥಳೀಯವಾದ ಇನ್ನೊಂದು ಅಂಶವೂ ಉಂಟು. ಈ ಭಾಗದ ಕಲ್ಲು ಗ್ರಾನೈಟ್ ಜಾತಿಯದು. ಸಿಲಿಕಾ ಹೆಚ್ಚಿರುವ ಇಂತಹ ಕಲ್ಲಿಗೆ ಡಾಂಬರಿಗಿಂತ ನೀರಿನ ನಂಟು ಹೆಚ್ಚು. ನೀರು ಒಳಹೊಕ್ಕರೆ ಕಲ್ಲಿನ ಮೈಯಿಂದ ಡಾಂಬರನ್ನು ಸುಲಿದುಬಿಡುತ್ತದೆ. ಸುಣ್ಣದ ಕಲ್ಲಿನಲ್ಲಿ ಈ ತೊಂದರೆ ಕಡಿಮೆ. ಮಳೆ ನಿಂತ ಮರುದಿನ ರಸ್ತೆಯ ಮೇಲೆ ಬಿಡಿ ಜಲ್ಲಿ ಉರುಳಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಿಶ್ರಣಕ್ಕೆ ಶೇಕಡಾ 2ರಷ್ಟು ಅರಳಿಸಿದ ಸುಣ್ಣ ಅಥವಾ ಸುಲಿಯದಂತೆ ತಡೆಯುವ ರಾಸಾಯನಿಕ ಸೇರಿಸುವುದು ಇದಕ್ಕಿರುವ ಪರಿಹಾರ. ನೀರಿನಲ್ಲಿ ನೆನೆಸಿದ ಮಾದರಿಯ ಕರ್ಷಕ ಬಲವು ಒಣ ಮಾದರಿಯ ಬಲದ ಶೇಕಡಾ 80ಕ್ಕೆ ಕಡಿಮೆಯಿರಬಾರದೆಂಬ ಪರೀಕ್ಷೆಯೂ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಗಳಲ್ಲಿದೆ. ಹಳೆಯ ಮಿಶ್ರಣ ಸೇರಿದಾಗ ಈ ಪರೀಕ್ಷೆಯ ಮಹತ್ವ ಇನ್ನಷ್ಟು ಹೆಚ್ಚುತ್ತದೆ.

ಹದಿಮೂರು ತಿಂಗಳ ಲೆಕ್ಕ

ಈಗ ಹಣದ ಲೆಕ್ಕಕ್ಕೆ ಬರಬಹುದು. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಹೊಸ ಮಿಶ್ರಣದ ಮೇಲ್ಪದರಕ್ಕೆ 100 ರೂಪಾಯಿ ಖರ್ಚು, ಬಾಳಿಕೆ 6 ವರ್ಷ ಎಂದಿಟ್ಟುಕೊಳ್ಳೋಣ. ಮರುಬಳಕೆಯ ಮಿಶ್ರಣಕ್ಕೆ 85 ರೂಪಾಯಿ. ಬಡ್ಡಿದರ ಶೇಕಡಾ 8. ಒಮ್ಮೆ ಮಾಡಿದ ಖರ್ಚನ್ನು ಬಡ್ಡಿಸಹಿತ ಸಮಾನ ವಾರ್ಷಿಕ ಕಂತುಗಳಾಗಿ ಹಂಚಿದರೆ ಬರುವ ಮೊತ್ತವೇ ಆ ರಸ್ತೆಯ ನಿಜವಾದ ವಾರ್ಷಿಕ ವೆಚ್ಚ. ಬ್ಯಾಂಕಿನ ಅವಧಿ ಸಾಲದ ಕಂತಿನ ಲೆಕ್ಕದಂತೆಯೇ.

ಹೊಸ ಮಿಶ್ರಣ, 6 ವರ್ಷ: ವರ್ಷಕ್ಕೆ ರೂ. 21.63.
ಮರುಬಳಕೆ, 6 ವರ್ಷ: ವರ್ಷಕ್ಕೆ ರೂ. 18.39.
ಮರುಬಳಕೆ, 5 ವರ್ಷ: ವರ್ಷಕ್ಕೆ ರೂ. 21.29.
ಮರುಬಳಕೆ, 4 ವರ್ಷ: ವರ್ಷಕ್ಕೆ ರೂ. 25.66.

ಇದರಿಂದ ತಿಳಿಯುವುದೇನು? ಮರುಬಳಕೆಯ ರಸ್ತೆ ಹೊಸದರಷ್ಟೇ ಬಾಳಿದರೆ ಶೇಕಡಾ 15ರ ಉಳಿತಾಯ ಪೂರ್ಣವಾಗಿ ದಕ್ಕುತ್ತದೆ. ಒಂದು ವರ್ಷ ಮೊದಲೇ ಕೆಟ್ಟರೆ ಉಳಿತಾಯ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಎರಡು ವರ್ಷ ಮೊದಲೇ ಕೆಟ್ಟರೆ ಅಗ್ಗವೆನಿಸಿದ್ದ ರಸ್ತೆ ಹೊಸದಕ್ಕಿಂತ ಸುಮಾರು ಶೇಕಡಾ 19ರಷ್ಟು ದುಬಾರಿಯಾಗುತ್ತದೆ. ಸಮತೋಲನದ ಬಿಂದು ಬಾಳಿಕೆಯಲ್ಲಿ ಸುಮಾರು 13 ತಿಂಗಳ ಇಳಿಕೆ. ಮೊದಲ ಉಳಿತಾಯ ಶೇಕಡಾ 10 ಮಾತ್ರವಾಗಿದ್ದರೆ ಈ ಅವಕಾಶ ಸುಮಾರು 9 ತಿಂಗಳಿಗೆ ಇಳಿಯುತ್ತದೆ. ಒಂದು ಕೆಟ್ಟ ಮಳೆಗಾಲ ಈ ಅಂತರವನ್ನು ನುಂಗಿಹಾಕಬಲ್ಲದು.

ಇದೇ ಲೆಕ್ಕದ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಮೂರನೆಯ ವರ್ಷದ ಕೊನೆಯಲ್ಲಿ 3 ರೂಪಾಯಿ ಖರ್ಚು ಮಾಡಿ ಬಿರುಕುಗಳನ್ನು ಮುಚ್ಚಿ, ಚರಂಡಿಯ ಹೂಳು ತೆಗೆದು, ಅದರಿಂದ ಮರುಬಳಕೆಯ ರಸ್ತೆ ಪೂರ್ಣ 6 ವರ್ಷ ಬಾಳಿದರೆ, ಆ ಖರ್ಚು ಸೇರಿಯೂ ವಾರ್ಷಿಕ ವೆಚ್ಚ ರೂ. 18.90 ಮಾತ್ರ. ಅಂದರೆ ಮರುಬಳಕೆಯ ಲಾಭ ನಷ್ಟವನ್ನು ನಿರ್ಧರಿಸುವುದು ಮಿಶ್ರಣವೊಂದೇ ಅಲ್ಲ. ಸಕಾಲದ ನಿರ್ವಹಣೆಯೂ ಹೌದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರೆಂಬ ಗಾದೆ ರಸ್ತೆಗೆ ಅನ್ವಯಿಸುವಷ್ಟು ಬೇರಾವುದಕ್ಕೂ ಅನ್ವಯಿಸದು.

ಭಾರದ ಪ್ರಶ್ನೆಯನ್ನೂ ಮರೆಯಬಾರದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರವು ನಾಲ್ಕು ಗಾಲಿಯ ಒಂಟಿ ಅಚ್ಚಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಅಚ್ಚಿನ ಭಾರ ಹೆಚ್ಚಿದಂತೆ ರಸ್ತೆಯ ಹಾನಿ ಅದರ ನಾಲ್ಕನೆಯ ಘಾತದಲ್ಲಿ ಏರುತ್ತದೆಂಬುದು ಅಮೆರಿಕದಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪ್ರಯೋಗದಿಂದ ರೂಢಿಗೆ ಬಂದ ಸೂತ್ರ. ಇದರಂತೆ ಶೇಕಡಾ 13ಕ್ಕೂ ಕಡಿಮೆ ಭಾರ ಏರಿದಾಗ ಹಾನಿ ಶೇಕಡಾ 60ರಷ್ಟು ಏರುತ್ತದೆ. ಸಾಗಣೆದಾರರಿಗೆ ಸಿಕ್ಕಿದ ಈ ಸೌಲಭ್ಯದ ಬೆಲೆಯನ್ನು ರಸ್ತೆ ತೆರುತ್ತದೆ. ಮಿತಿ ಮೀರಿ ಹೇರಿದ ಕಲ್ಲಿನ ಲಾರಿಗಳ ಬೆಲೆಯನ್ನಂತೂ ಊರೆಲ್ಲ ತೆರುತ್ತದೆ.

ಯಾರ ಪುಸ್ತಕದಲ್ಲಿ ಯಾರ ಖರ್ಚು?

ರಸ್ತೆ ನಿಗದಿತ ಅವಧಿಗಿಂತ ಮೊದಲೇ ಕೆಟ್ಟಾಗ ಇಲಾಖೆಯ ಲೆಕ್ಕದಲ್ಲಿ ಏನೂ ಕಾಣಿಸುವುದಿಲ್ಲ; ಮುಂದಿನ ಅನುದಾನ ಬರುವವರೆಗೆ ಅಲ್ಲಿ ಖರ್ಚೇ ಇಲ್ಲ. ಆ ಅವಧಿಯ ಖರ್ಚು ವರ್ತಕರ ಪುಸ್ತಕಗಳಿಗೆ ವರ್ಗವಾಗುತ್ತದೆ, ಅದೂ ಬೇರೆ ಬೇರೆ ಹೆಸರುಗಳಲ್ಲಿ: ಟೈರು, ಸ್ಪ್ರಿಂಗು, ಡೀಸೆಲ್, ವಾಹನ ದುರಸ್ತಿ, ಮಾರ್ಗಮಧ್ಯದ ಸರಕು ಹಾನಿ. ದಿನಕ್ಕೆ 80 ಕಿಲೋಮೀಟರಿನಂತೆ ವರ್ಷಕ್ಕೆ 300 ದಿನ ಓಡುವ ಸಣ್ಣ ಸರಕು ವಾಹನ 24,000 ಕಿಲೋಮೀಟರ್ ಕ್ರಮಿಸುತ್ತದೆ. ಕೆಟ್ಟ ರಸ್ತೆಯಿಂದ ಕಿಲೋಮೀಟರಿಗೆ ಒಂದೇ ರೂಪಾಯಿ ಹೆಚ್ಚು ತಗುಲಿದರೂ ವರ್ಷಕ್ಕೆ 24,000 ರೂಪಾಯಿ. ಇಂತಹ ನೂರು ವಾಹನಗಳಿರುವ ಊರಿನಲ್ಲಿ ಅದು 24 ಲಕ್ಷ.

ಸರಕಿನ ನಷ್ಟ ಇದರ ಹೊರಗಿನದು. ಗೂಡು ಜೀವಂತ ಸರಕು. ಗಂಟೆ ಕಳೆದಂತೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಹರಾಜಿನ ಹೊತ್ತು ತಪ್ಪಿದರೆ ಇನ್ನೊಂದು ದಿನ ಕಾಯಬೇಕು. ಟೊಮೆಟೊ ಕ್ರೇಟಿನ ಕೆಳಸಾಲು ಜಜ್ಜಿಹೋದರೆ ಮೇಲಿನ ಸಾಲಿನ ಬೆಲೆಯೂ ಕುಸಿಯುತ್ತದೆ. ಇವಾವುದಕ್ಕೂ ಖಾತೆ ಪುಸ್ತಕದಲ್ಲಿ 'ರಸ್ತೆ ನಷ್ಟ' ಎಂಬ ಶೀರ್ಷಿಕೆಯಿಲ್ಲ. ಆದ್ದರಿಂದಲೇ ಈ ನಷ್ಟದ ಬಗ್ಗೆ ಮನವಿ ಸಲ್ಲಿಸುವಾಗ ಕೈಯಲ್ಲಿ ಅಂಕಿಗಳಿರುವುದಿಲ್ಲ.

ಇನ್ನು ಕೆರೆದು ತೆಗೆದ ಮಿಶ್ರಣದ ಮಾತು. ಅದು ಸಾರ್ವಜನಿಕ ಆಸ್ತಿ. ಅದನ್ನು ಗುತ್ತಿಗೆದಾರ ಕೊಂಡೊಯ್ಯುವುದಾದರೆ ಹಳೆಯ ಯಂತ್ರದ ಗುಜರಿ ಬೆಲೆಯಂತೆ ಅದರ ಮೌಲ್ಯವನ್ನು ಟೆಂಡರ್ ಮೊತ್ತದಲ್ಲಿ ಕಳೆಯಬೇಕು. ಕಾಮಗಾರಿಯಲ್ಲಿಯೇ ಬಳಸುವುದಾದರೆ ಎಷ್ಟು ಟನ್ ಬಂತು, ಎಷ್ಟು ಟನ್ ಬಳಕೆಯಾಯಿತು ಎಂಬ ದಾಸ್ತಾನು ಲೆಕ್ಕವಿರಬೇಕು. ಕರ್ನಾಟಕ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು, 2006ರ ನಂತರ ನಗರಸಭೆಗಳು ಜೋಡಿ ನಮೂದು ಪದ್ಧತಿಗೆ ಬಂದಿವೆ. ರಸ್ತೆ ಅಲ್ಲಿ ಸ್ಥಿರಾಸ್ತಿ. ಕಾರಣ, ಇಂತಹ ಲೆಕ್ಕ ಕೇಳುವುದು ಹೊಸ ಬೇಡಿಕೆಯೇನೂ ಅಲ್ಲ.

ವರ್ತಕ ಸಂಸ್ಥೆಗಳು ಕೇಳಬೇಕಾದುದು

ಮರುಬಳಕೆಯನ್ನು ವಿರೋಧಿಸುವುದು ಜಾಣತನವಲ್ಲ. ಕಣ್ಣು ಮುಚ್ಚಿ ಸ್ವಾಗತಿಸುವುದೂ ಅಲ್ಲ. ಈ ಕೆಳಗಿನ ಅಂಶಗಳನ್ನು ನಗರಸಭೆ, ಲೋಕೋಪಯೋಗಿ ಇಲಾಖೆ ಮತ್ತು ಹೆದ್ದಾರಿ ಅಧಿಕಾರಿಗಳ ಮುಂದಿಡುವುದು ಉಚಿತ.

1. ಹಳೆಯ ಮಿಶ್ರಣದ ಹೆಚ್ಚಿನ ಪ್ರಮಾಣವನ್ನು ಕೆಳಪದರಗಳಲ್ಲಿ ಬಳಸಿ, ಬಿಸಿಲು ಮಳೆಗಳಿಗೆ ನೇರವಾಗಿ ಒಡ್ಡಿಕೊಳ್ಳುವ ಮೇಲ್ಪದರದಲ್ಲಿ ಮಿತವಾಗಿ ಬಳಸಬೇಕು.

2. ಗ್ರಾನೈಟ್ ಜಲ್ಲಿಯ ಕಾಮಗಾರಿಗಳಲ್ಲಿ ನೀರಿನ ಪರೀಕ್ಷೆಯ ಫಲಿತಾಂಶವನ್ನು ಬಿಲ್ಲು ಪಾವತಿಗೆ ಮೊದಲೇ ಪ್ರಕಟಿಸಬೇಕು.

3. ಟೆಂಡರಿನ ತುಲನೆಯು ಮೊದಲ ಮೊತ್ತದ ಮೇಲಲ್ಲದೆ ವಾರ್ಷಿಕ ವೆಚ್ಚದ ಮೇಲೆ ನಡೆಯಬೇಕು. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಐದು ವರ್ಷಗಳ ನಿರ್ವಹಣೆಯನ್ನು ಗುತ್ತಿಗೆದಾರನಿಗೇ ವಹಿಸುವ ಪದ್ಧತಿ ಇರುವಾಗ, ಪೇಟೆಯ ರಸ್ತೆಗೂ ಅದನ್ನು ಕೇಳಬಹುದು.

4. ಚರಂಡಿಯಿಲ್ಲದ ಕಡೆ ಡಾಂಬರಿಗೆ ಮೊದಲು ಚರಂಡಿ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಸಂಸ್ಕರಿತ ನೀರು ಹರಿದು ಕೆರೆಗಳು ತುಂಬಿರುವೆಡೆ, ಕೆರೆಯಂಚಿನ ರಸ್ತೆಗಳ ತಳದ ತೇವವನ್ನು ವಿನ್ಯಾಸದಲ್ಲಿ ಪರಿಗಣಿಸಬೇಕು.

5. ಕೆರೆದ ಮಿಶ್ರಣದ ದಾಸ್ತಾನನ್ನು ಮಳೆಗೆ ಬಿಡದೆ ಸೂರಿನಡಿ ಇಡಬೇಕು. ನೆನೆದ ದಾಸ್ತಾನನ್ನು ಒಣಗಿಸಲು ಇಂಧನ ಹೆಚ್ಚು ಬೇಕು, ಮಿಶ್ರಣದ ಗುಣವೂ ಕೆಡುತ್ತದೆ. ಬೆಂಕಿಯ ನಾಲಿಗೆ ನೇರವಾಗಿ ತಾಕುವ ಹಳೆಯ ಮಾದರಿಯ ಸ್ಥಾವರಗಳಲ್ಲಿ ಹಳೆಯ ಡಾಂಬರು ಸುಟ್ಟುಹೋಗುವುದರಿಂದ, ಸ್ಥಾವರದ ಯೋಗ್ಯತೆಯನ್ನೂ ಪರಿಶೀಲಿಸಬೇಕು.

ಕೊನೆಯ ಅಂಶದಲ್ಲಿ ಸಣ್ಣ ಉದ್ಯಮಿಗಳಿಗೆ ಅವಕಾಶವೂ ಅಡಗಿದೆ. ಜರಡಿ ಹಿಡಿದು ಗಾತ್ರ ಬೇರ್ಪಡಿಸುವುದು, ದಾಸ್ತಾನು ಶೆಡ್ಡುಗಳು, ಬಿರುಕು ಮುಚ್ಚುವ ಕೆಲಸ, ಪರೀಕ್ಷಾ ಪ್ರಯೋಗಾಲಯ, ಇವೆಲ್ಲ ದೊಡ್ಡ ಬಂಡವಾಳವಿಲ್ಲದೆ ಜಿಲ್ಲೆಯಲ್ಲಿಯೇ ನೆಲೆಗೊಳ್ಳಬಹುದಾದ ಉದ್ಯೋಗಗಳು.

ಇದೆಲ್ಲಕ್ಕೂ ಮೊದಲು ಪ್ರತಿಯೊಬ್ಬ ವರ್ತಕನೂ ಮಾಡಬಹುದಾದ ಒಂದು ಸಣ್ಣ ಕೆಲಸವಿದೆ. ವಾಹನವಾರು, ಮಾರ್ಗವಾರು ದುರಸ್ತಿ ಮತ್ತು ಸರಕು ಹಾನಿಯ ದಾಖಲೆಯನ್ನು ಒಂದು ಪ್ರತ್ಯೇಕ ಪುಟದಲ್ಲಿ ಬರೆದಿಡುವುದು. ಒಂದು ವರ್ಷದ ನಂತರ ನಾಲ್ಕೂ ಊರುಗಳ ಅಂಕಿಗಳನ್ನು ಕೂಡಿಸಿದರೆ, ಅಗ್ಗದ ರಸ್ತೆಯ ಉಳಿಕೆ ಬೆಲೆಯನ್ನು ತೆತ್ತವರು ಯಾರು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಮನವಿಗೆ ಉತ್ತರ ಬಾರದಿರಬಹುದು. ಬರೆದಿಟ್ಟ ಲೆಕ್ಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ.